ದುರಸ್ತಿಯಿಂದ ಹುಟ್ಟಿದ ಯಂತ್ರಗಳು

ರೋಹಿಣಿ ಮಳೆ ಬಿದ್ದು ನೆಲ ಹದಕ್ಕೆ ಬರುವ ದಿನಗಳಲ್ಲಿ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಪಟ್ಟಣಗಳ ಅಂಚಿನ ವೆಲ್ಡಿಂಗ್ ಅಂಗಡಿಗಳ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುತ್ತವೆ. ಹಿಂದಿನ ಹಂಗಾಮಿನಲ್ಲಿ ಕಲ್ಲಿಗೆ ತಗುಲಿ ಬಾಗಿದ ಕೂರಿಗೆಯ ತಾಳು, ಸವೆದು ತೆಳುವಾದ ಕುಂಟೆಯ ಕುಡ, ಮಣ್ಣು ಕಟ್ಟಿಕೊಂಡು ಬೀಜ ಇಳಿಸದೆ ನಿಂತ ನಳಿಕೆ ಎಲ್ಲವೂ ನೆಲದ ಮೇಲೆ ಹರಡಿರುತ್ತವೆ. ಗುಡುಗಿದ ಮೋಡ ಮುಂದೆ ಸಾಗುವ ಮೊದಲು ಬಿತ್ತಬೇಕೆಂಬ ಆತುರದಲ್ಲಿ ರೈತರು ಕಾದಿರುತ್ತಾರೆ. ಮುಂದೆ ಗಂಗಾವತಿಯ ಗ್ಯಾರೇಜುಗಳಲ್ಲಿ, ಕಾಲುವೆಗೆ ನೀರು ಬಿಡುವ ಸುದ್ದಿಯ ಜೊತೆಜೊತೆಗೇ, ಕೆಸರುಗದ್ದೆಗಿಳಿಯುವ ಟ್ರ್ಯಾಕ್ಟರುಗಳಿಗೆ ಕಬ್ಬಿಣದ ಚಕ್ರಗಳನ್ನು ಕೂಡಿಸುವ ಕೆಲಸ ಹಗಲಿರುಳೂ ನಡೆಯುತ್ತದೆ.

ಈ ಅಂಗಡಿಗಳಲ್ಲಿ ನಡೆಯುವ ಕೆಲಸಕ್ಕೆ ದುರಸ್ತಿ, ಅಂದರೆ ರಿಪೇರಿ, ಎಂಬ ಒಂದೇ ಹೆಸರಿದ್ದರೂ ಅದರೊಳಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಮುರಿದದ್ದನ್ನು ಮೊದಲಿನಂತೆ ಕೂಡಿಸುವುದು ಒಂದು. ಅದು ಏಕೆ ಮುರಿಯಿತೆಂದು ಯೋಚಿಸಿ, ಮತ್ತೆ ಅದೇ ಜಾಗದಲ್ಲಿ ಮುರಿಯದಂತೆ ಒಂದು ಪಟ್ಟಿ ಹೆಚ್ಚಿಗೆ ಕೊಟ್ಟು, ಕೋನ ಬದಲಿಸಿ, ದಪ್ಪ ಹೆಚ್ಚಿಸಿ ಕೂಡಿಸುವುದು ಇನ್ನೊಂದು. ಎರಡನೆಯ ಕೆಲಸಕ್ಕೆ ಕೈಹಾಕಿದ ಗಳಿಗೆಯಿಂದಲೇ ಮಿಸ್ತ್ರಿಯು ಆವಿಷ್ಕಾರಕನಾಗತೊಡಗುತ್ತಾನೆ. ಹಾಗೆ ದುರಸ್ತಿಯಿಂದ ಆವಿಷ್ಕಾರಕ್ಕೆ ದಾಟಿದವರಲ್ಲಿ ಕೆಲವರು ದೂರದರ್ಶನದ ಪರದೆಯ ಮೂಲಕ ಜಗತ್ತಿಗೆಲ್ಲ ಪರಿಚಿತರಾದರೆ, ಕೊಪ್ಪಳಕ್ಕೆ ಹತ್ತಿರದ ಒಬ್ಬರು ದಶಕಗಳ ಕಾಲ ತಮ್ಮ ಊರಿನ ಕಾರ್ಯಾಗಾರದಲ್ಲೇ ದುಡಿದು ಪದ್ಮಶ್ರೀಯವರೆಗೆ ನಡೆದರು.

ಅಣ್ಣಿಗೇರಿಯ ಕಾರ್ಯಾಗಾರ

ಕೊಪ್ಪಳದಿಂದ ಗದಗ ಮಾರ್ಗವಾಗಿ ಹುಬ್ಬಳ್ಳಿಗೆ ಹೋಗುವ ರೈಲು ನಿಲ್ಲುವ ಊರುಗಳಲ್ಲಿ ಅಣ್ಣಿಗೇರಿಯೂ ಒಂದು. ಅಮೃತೇಶ್ವರ ದೇವಾಲಯಕ್ಕೂ ಆದಿಕವಿ ಪಂಪನ ನಂಟಿಗೂ ಹೆಸರಾದ, ಧಾರವಾಡ ಜಿಲ್ಲೆಯ ಈ ಊರಿನ ಸುತ್ತ ಹರಡಿರುವ ಎರೆಭೂಮಿಯು ಯಲಬುರ್ಗಾ ಮತ್ತು ಕುಕನೂರು ಕಡೆಯ ಎರೆಭೂಮಿಗೆ ಗುಣದಲ್ಲಿ ಬಲು ಹತ್ತಿರದ್ದು: ಮಳೆ ಬಂದರೆ ಅಂಟು, ಬಾರದಿದ್ದರೆ ಬಿರುಕು. ಅಬ್ದುಲ್ ಖಾದರ್ ನಡಕಟ್ಟಿನ ಅವರು 1953ರಲ್ಲಿ ಹುಟ್ಟಿದ್ದು ಈ ಊರಿನ ಒಂದು ಕೃಷಿಕ ಕುಟುಂಬದಲ್ಲಿ. ಎಂಜಿನಿಯರಿಂಗ್ ಪದವಿ ಅವರಿಗಿರಲಿಲ್ಲ. ಹೊಲವೇ ಅವರ ಪ್ರಯೋಗಶಾಲೆಯಾಯಿತು.

ಅವರ ಮೊದಲ ಆವಿಷ್ಕಾರವೆಂದು ಹೇಳಲಾಗುವ ವಸ್ತುವಿಗೂ ಕೃಷಿಗೂ ಸಂಬಂಧವಿರಲಿಲ್ಲ. ಎಳೆಯ ವಯಸ್ಸಿನಲ್ಲಿ ನಸುಕಿಗೆ ಏಳುವುದು ಅವರಿಗೆ ಕಷ್ಟವಾಗಿತ್ತು, ಗಡಿಯಾರದ ಅಲಾರಂ ಬಡಿದರೂ ಎಚ್ಚರವಾಗುತ್ತಿರಲಿಲ್ಲ. ಆಗಿನ ಅಲಾರಂ ಗಡಿಯಾರಗಳಿಗೆ ಹಿಂಬದಿಯಲ್ಲಿ ಚಾವಿ ಕೊಡಬೇಕಿತ್ತು, ಗಂಟೆ ಬಡಿಯುವಾಗ ಆ ಚಾವಿ ಹಿಮ್ಮುಖವಾಗಿ ತಿರುಗುತ್ತಿತ್ತು. ನಡಕಟ್ಟಿನ ಅವರು ಚಾವಿಯ ತುದಿಗೆ ತೆಳು ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ನೀರು ತುಂಬಿದ ಬಾಟಲಿಗೆ ಬಿಗಿದರು. ಚಾವಿ ತಿರುಗಿ ದಾರ ಸುತ್ತಿಕೊಂಡಾಗ ಬಾಟಲಿ ವಾಲಿ ನೀರು ಮುಖದ ಮೇಲೆ ಸುರಿಯುತ್ತಿತ್ತು. ಇದನ್ನು ಹುಡುಗಾಟವೆಂದು ಬದಿಗಿಡುವುದು ಸರಿಯಾಗದು, ಏಕೆಂದರೆ ಮುಂದೆ ಅವರು ಮಾಡಿದ ಎಲ್ಲ ಯಂತ್ರಗಳ ಹಿಂದಿನ ಯೋಚನಾಕ್ರಮ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇರುವ ಯಂತ್ರವೊಂದರಲ್ಲಿ ವ್ಯರ್ಥವಾಗಿ ನಡೆಯುತ್ತಿರುವ ಚಲನೆಯನ್ನು ಗುರುತಿಸಿ, ಅದನ್ನು ಬೇಕಾದ ಕೆಲಸಕ್ಕೆ ತಿರುಗಿಸುವ ಕ್ರಮ ಅದು.

ಮುಂದೆ ಅವರ ಗಮನ ಹುಣಸೆಯ ಕಡೆಗೆ ಹೊರಳಿತು. ನೀರಿನ ಅಭಾವವಿದ್ದ ತಮ್ಮ ಜಮೀನಿನಲ್ಲಿ ಹುಣಸೆ ಗಿಡಗಳನ್ನು ಹಟದಿಂದ ಬೆಳೆಸಿದ ಕಾರಣಕ್ಕೆ ಸುತ್ತಲಿನವರು ಅವರನ್ನು ‘ಹುಣಸೆ ಹುಚ್ಚ’ ಎಂದೇ ಕರೆದರು. ಗಿಡ ಬೆಳೆದು ಫಸಲು ಕೈಗೆ ಬಂದ ಮೇಲೆ ಎದುರಾದ ಸಮಸ್ಯೆಯನ್ನು ಉತ್ತರ ಕರ್ನಾಟಕದ ಪ್ರತಿಯೊಂದು ಮನೆಯೂ ಬಲ್ಲದು. ಹುಣಸೆಹಣ್ಣನ್ನು ಒಂದೊಂದಾಗಿ ಬಡಿದು ಬೀಜ ಬಿಡಿಸುವುದು ದಿನಗಟ್ಟಲೆ ಹಿಡಿಯುವ, ಬೆರಳು ಜಜ್ಜಿಹೋಗುವ ಕೆಲಸವಾಗಿದ್ದು, ಅದನ್ನು ಬಹುಪಾಲು ಹೆಂಗಸರೇ ಮಾಡುತ್ತ ಬಂದಿದ್ದಾರೆ. ತಿರುಳು ಅಂಟು, ಬೀಜ ಗಟ್ಟಿ. ಹೆಚ್ಚು ಒತ್ತಿದರೆ ಬೀಜ ಒಡೆದು ತಿರುಳು ಕೆಡುತ್ತದೆ, ಕಡಿಮೆ ಒತ್ತಿದರೆ ಬೀಜ ಬಿಡುವುದಿಲ್ಲ. ಅಂಟಿಗೂ ಗಟ್ಟಿತನಕ್ಕೂ ನಡುವಿನ ಈ ಸೂಕ್ಷ್ಮವನ್ನು ಯಂತ್ರಕ್ಕೆ ಕಲಿಸುವುದು ಸುಲಭದ ಮಾತಲ್ಲ. ಹುಣಸೆಯ ಬೀಜ ಬೇರ್ಪಡಿಸುವ ಅವರ ಯಂತ್ರವು ಹುಟ್ಟಿದ್ದು ಈ ತೊಡಕಿನಿಂದ.

ಆ ಬಳಿಕ ಉಳುಮೆಯ ಕುಡಗಳನ್ನು ತಯಾರಿಸುವ ಯಂತ್ರ, ಬೀಜ ಮತ್ತು ಗೊಬ್ಬರವನ್ನು ಒಟ್ಟಿಗೆ ಬಿತ್ತುವ ಕೂರಿಗೆ, ಕಬ್ಬು ನಾಟಿ ಮಾಡುವ ಯಂತ್ರ, ಚಕ್ರದ ಟಿಲ್ಲರ್, ನೀರು ಕಾಯಿಸುವ ಬಾಯ್ಲರ್ ಒಂದರ ಬೆನ್ನಿಗೆ ಒಂದು ಬಂದವು. ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವು 2015ರಲ್ಲಿ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿಯನ್ನು ನೀಡಿತು. 2022ರಲ್ಲಿ ಭಾರತ ಸರ್ಕಾರವು ತಳಮಟ್ಟದ ಆವಿಷ್ಕಾರಕ್ಕಾಗಿ ಪದ್ಮಶ್ರೀ ನೀಡಿ ಗೌರವಿಸಿತು.

ಕೈ ಬಿಟ್ಟದ್ದನ್ನು ಚಕ್ರ ಹಿಡಿದದ್ದು

ಈ ಯಂತ್ರಗಳಲ್ಲಿ ಕೂರಿಗೆಯನ್ನು ಮಾತ್ರ ತುಸು ವಿವರವಾಗಿ ನೋಡುವುದು ಸೂಕ್ತ, ಏಕೆಂದರೆ ಕೊಪ್ಪಳ ಜಿಲ್ಲೆಯ ಮಳೆಯಾಶ್ರಿತ ಹೊಲಗಳಿಗೆ ಬಿತ್ತನೆಯೇ ವರ್ಷದ ನಿರ್ಣಾಯಕ ಕೆಲಸ.

ಎತ್ತಿನ ಕೂರಿಗೆಯಲ್ಲಿ ಬಟ್ಟಲಿನಂತಹ ಒಂದು ಭಾಗವಿದ್ದು, ಅದರಿಂದ ಹೊರಟ ನಳಿಕೆಗಳು ಒಂದೊಂದು ತಾಳಿನ ಹಿಂದೆ ನೆಲಕ್ಕೆ ಇಳಿಯುತ್ತವೆ. ಬಿತ್ತುವವರು, ಹೆಚ್ಚಾಗಿ ಮನೆಯ ಹೆಣ್ಣುಮಗಳು, ಕೂರಿಗೆಯ ಹಿಂದೆ ನಡೆಯುತ್ತ ಬೊಗಸೆಯ ಬೀಜವನ್ನು ಬೆರಳ ಸಂದಿನಿಂದ ಬಟ್ಟಲಿಗೆ ಬಿಡುತ್ತಿದ್ದರು. ಸಾಲಿನಲ್ಲಿ ಬೀಜ ದಟ್ಟವಾಗುವುದೋ ವಿರಳವಾಗುವುದೋ ಎಂಬುದನ್ನು ನಿರ್ಧರಿಸುತ್ತಿದ್ದದ್ದು ಆ ಕೈಯ ಲಯ. ಅನುಭವಿಯ ಕೈಯಲ್ಲಿ ಅದು ಒಂದು ಕಲೆಯೇ ಆಗಿತ್ತು, ಆದರೆ ಟ್ರ್ಯಾಕ್ಟರ್ ಬಂದು ವೇಗ ಹೆಚ್ಚಿದಾಗ ಕೈಯ ಲಯಕ್ಕೂ ಗಾಡಿಯ ಓಟಕ್ಕೂ ಹೊಂದಾಣಿಕೆ ತಪ್ಪಿತು.

ಇದಕ್ಕೆ ಯಂತ್ರದ ಕೂರಿಗೆಗಳು ಕಂಡುಕೊಂಡ ಉತ್ತರ ನೆಲವನ್ನು ಮುಟ್ಟಿ ಉರುಳುವ ಒಂದು ಚಕ್ರ. ಆ ಚಕ್ರದ ತಿರುಗುವಿಕೆಯನ್ನು ಚೈನಿನ ಮೂಲಕ ಬೀಜದ ಪೆಟ್ಟಿಗೆಯ ಕೆಳಗಿರುವ ಉರುಳೆಗೆ ಕೊಟ್ಟಾಗ, ಉರುಳೆಯ ಮೈಮೇಲಿನ ಗುಳಿಗಳು ಒಂದೊಂದಾಗಿ ಬೀಜವನ್ನು ಹೊತ್ತು ನಳಿಕೆಗೆ ಇಳಿಸುತ್ತವೆ. ಗಾಡಿ ಬೇಗ ಓಡಿದರೆ ಉರುಳೆಯೂ ಬೇಗ ತಿರುಗುತ್ತದೆ, ನಿಂತರೆ ಅದೂ ನಿಲ್ಲುತ್ತದೆ. ಹೀಗಾಗಿ ಬೀಜ ಬೀಳುವುದು ಕಾಲದ ಅಳತೆಯಲ್ಲಿ ಅಲ್ಲ, ದೂರದ ಅಳತೆಯಲ್ಲಿ. ಸಜ್ಜೆಯ ಸಣ್ಣ ಕಾಳಿಗೆ ಒಂದು ಗಾತ್ರದ ಗುಳಿ, ಕಡಲೆಯ ದಪ್ಪ ಕಾಳಿಗೆ ಮತ್ತೊಂದು. ಜೋಳಕ್ಕೆ ಸಾಲಿನಿಂದ ಸಾಲಿಗೆ 45 ಸೆಂಟಿಮೀಟರ್ ಅಂತರವಿದ್ದರೆ ತೊಗರಿಗೆ ಅದರ ಇಮ್ಮಡಿ. ಗೊಬ್ಬರವು ಬೀಜಕ್ಕೆ ನೇರವಾಗಿ ತಗುಲಿದರೆ ಮೊಳಕೆ ಸುಡುವ ಅಪಾಯವಿರುವುದರಿಂದ ಅದು ತುಸು ಪಕ್ಕಕ್ಕೆ, ತುಸು ಆಳಕ್ಕೆ ಬೀಳಬೇಕು. ಒಂದೇ ಹೊಲದಲ್ಲಿ ಎರಡು ಮೂರು ಬೆಳೆ ಬೆಳೆಯುವ ರೈತನಿಗೆ ಇಷ್ಟೂ ಬದಲಾವಣೆಗಳನ್ನು ಪಾನಾ ಒಂದರಿಂದ ಹೊಲದಲ್ಲೇ ಮಾಡಿಕೊಳ್ಳಲು ಬರಬೇಕು.

ದೂರದ ಕಾರ್ಖಾನೆಯ ವಿನ್ಯಾಸಕಾರನಿಗೆ ಕೂರಿಗೆಯ ತತ್ವ ಚೆನ್ನಾಗಿ ತಿಳಿದಿರುತ್ತದೆ. ಆದರೆ ಎರೆಮಣ್ಣು ಅರೆಹಸಿಯಾಗಿದ್ದಾಗ ತಾಳಿಗೆ ಹೇಗೆ ಮೆತ್ತಿಕೊಳ್ಳುತ್ತದೆ, ಅದೇ ತಾಳು ಮಸಾರಿ ನೆಲದ ಗರಸಿಗೆ ತಗುಲಿದಾಗ ಎಲ್ಲಿ ಬಾಗುತ್ತದೆ ಎಂಬುದು ಗೊತ್ತಿರುವುದು ಅದನ್ನು ಹತ್ತಾರು ಬಾರಿ ನೆಟ್ಟಗೆ ಮಾಡಿಕೊಟ್ಟ ಮಿಸ್ತ್ರಿಗೆ. ನಡಕಟ್ಟಿನ ಅವರ ಸಾಧನೆಯ ಬಲ ಇಲ್ಲಿದೆ: ರೈತನಾಗಿ ಅವರು ತೊಡಕನ್ನು ಅನುಭವಿಸಿದರು, ಕಾರ್ಯಾಗಾರದಲ್ಲಿ ಅದನ್ನು ಬಿಡಿಸಿದರು, ಮತ್ತೆ ಹೊಲಕ್ಕೆ ಒಯ್ದು ಪರೀಕ್ಷಿಸಿದರು.

ಪರದೆಯ ಮೇಲಿನ ಗ್ಯಾರೇಜು

ಇದೇ ಸ್ವಭಾವದ ಮತ್ತೊಬ್ಬ ಮನುಷ್ಯ ಬೇರೊಂದು ದೇಶದಲ್ಲಿ ದೂರದರ್ಶನದ ಮೂಲಕ ಹೆಸರಾದರು. 1971ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಎಡ್ ಚೈನಾ ಅಲ್ಲಿನ ಸೌತ್ ಬ್ಯಾಂಕ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಉತ್ಪನ್ನ ವಿನ್ಯಾಸವನ್ನು ಓದಿ, ರಸ್ತೆಯ ಮೇಲೆ ಕಾನೂನುಬದ್ಧವಾಗಿ ಓಡುವ ಸೋಫಾ ಒಂದನ್ನು ಕಟ್ಟಿದರು. ಮಿನಿ ಕಾರಿನ ಎಂಜಿನ್ ಹೊತ್ತ ಆ ಸೋಫಾ ಗಂಟೆಗೆ ಸುಮಾರು 140 ಕಿಲೋಮೀಟರ್ ವೇಗದಲ್ಲಿ ಓಡಿ 1998ರಲ್ಲಿ ಗಿನ್ನೆಸ್ ದಾಖಲೆಯಾಯಿತು. ಮುಂದೆ ಹಾಸಿಗೆ, ಕಚೇರಿಯ ಮೇಜು, ಸ್ನಾನದ ಕೋಣೆ ಇವೂ ಅವರ ಕೈಯಲ್ಲಿ ವಾಹನಗಳಾದವು.

ಅವರಿಗೆ ನಿಜವಾದ ಕೀರ್ತಿ ತಂದದ್ದು ಡಿಸ್ಕವರಿ ವಾಹಿನಿಗಾಗಿ 2003ರಲ್ಲಿ ಆರಂಭವಾದ ‘ವೀಲರ್ ಡೀಲರ್ಸ್’ ಎಂಬ ಕಾರ್ಯಕ್ರಮ. ಅದರಲ್ಲಿ ಮೈಕ್ ಬ್ರೂವರ್ ಎಂಬ ವ್ಯಾಪಾರಿ ಹಳೆಯ ಕಾರೊಂದನ್ನು ಅಗ್ಗದ ಬೆಲೆಗೆ ಕೊಂಡು ತರುತ್ತಿದ್ದರು, ಎಡ್ ಚೈನಾ ಅದನ್ನು ಬಿಚ್ಚಿ, ಕೆಟ್ಟ ಭಾಗವನ್ನು ತೋರಿಸಿ, ಅದು ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿ ದುರಸ್ತಿ ಮಾಡುತ್ತಿದ್ದರು, ಕೊನೆಗೆ ಕಾರು ಮಾರಾಟವಾಗುತ್ತಿತ್ತು. ಕಿತ್ತಳೆ ಬಣ್ಣದ ಕೈಗವಸು ತೊಟ್ಟ ಎರಡು ಮೀಟರ್ ಎತ್ತರದ ಆ ಮೆಕ್ಯಾನಿಕ್, ಗೇರ್‌ಬಾಕ್ಸ್ ಏಕೆ ಸದ್ದು ಮಾಡುತ್ತದೆ, ಬ್ರೇಕಿನ ಎಣ್ಣೆಯಲ್ಲಿ ಗಾಳಿ ಸೇರಿದರೆ ಪೆಡಲ್ ಏಕೆ ಮೆತ್ತಗಾಗುತ್ತದೆ ಎಂಬಂತಹ ಸಂಗತಿಗಳನ್ನು ಗ್ಯಾರೇಜಿನ ಒಳಗೆ ಎಂದೂ ಕಾಲಿಡದವರಿಗೂ ತಿಳಿಯುವಂತೆ ಹೇಳಿದರು. ಗಮನಿಸಬೇಕಾದ ಒಂದು ಸಂಗತಿಯೆಂದರೆ, ಕಾರ್ಯಕ್ರಮದ ಕೊನೆಯಲ್ಲಿ ತೋರಿಸುವ ಲಾಭದ ಲೆಕ್ಕದಲ್ಲಿ ಕಾರಿನ ಬೆಲೆಯೂ ಬಿಡಿಭಾಗಗಳ ಬೆಲೆಯೂ ಸೇರುತ್ತಿದ್ದವು. ಮೆಕ್ಯಾನಿಕ್ ದುಡಿದ ಗಂಟೆಗಳ ಕೂಲಿ ಸೇರುತ್ತಿರಲಿಲ್ಲ. ದುರಸ್ತಿಯ ಶ್ರಮವನ್ನು ಲೆಕ್ಕಕ್ಕೆ ಹಿಡಿಯದಿರುವ ರೂಢಿ ಕೊಪ್ಪಳಕ್ಕಷ್ಟೇ ಸೀಮಿತವಾದುದಲ್ಲ.

2017ರ ಮಾರ್ಚ್‌ನಲ್ಲಿ ಎಡ್ ಚೈನಾ ಆ ಕಾರ್ಯಕ್ರಮದಿಂದ ಹೊರಬಂದರು. ನಿರ್ಮಾಣದ ಹೊಣೆ ಬದಲಾದ ಮೇಲೆ ಹೊಸ ನಿರ್ಮಾಪಕರು ಗ್ಯಾರೇಜಿನ ವಿವರವಾದ ದೃಶ್ಯಗಳನ್ನು ಚಿತ್ರೀಕರಿಸುವುದು ತೀರ ಕಷ್ಟವೆಂದು ಭಾವಿಸಿ ಅವುಗಳನ್ನು ಕಡಿಮೆ ಮಾಡಲು ಹೊರಟದ್ದೇ ತಮ್ಮ ನಿರ್ಗಮನಕ್ಕೆ ಕಾರಣವೆಂದು ಅವರು ಬಹಿರಂಗವಾಗಿ ಹೇಳಿದರು. ಬಳಿಕ ಡೀಸೆಲ್ ಸುಟ್ಟು ಐಸ್‌ಕ್ರೀಮ್ ತಣ್ಣಗಿಡುತ್ತಿದ್ದ ಒಂದು ವ್ಯಾನನ್ನು ಬ್ಯಾಟರಿಗೆ ಬದಲಿಸುವ ಕೆಲಸಕ್ಕೆ ಇಳಿದರು. ಮಕ್ಕಳು ಸಾಲು ನಿಲ್ಲುವ ಜಾಗದಲ್ಲೇ ಗಂಟೆಗಟ್ಟಲೆ ಹೊಗೆಯುಗುಳುವ ಎಂಜಿನ್ನನ್ನು ತೆಗೆದುಹಾಕುವುದು ಓಡುವ ಸೋಫಾಕ್ಕಿಂತ ಹೆಚ್ಚು ಉಪಯುಕ್ತ ಆವಿಷ್ಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅವರ ವೃತ್ತಿಜೀವನದಲ್ಲಿ ಬಹುಕಾಲ ನಿಲ್ಲುವಂಥದ್ದು ಯಾವ ವಾಹನವೂ ಅಲ್ಲ, ಬಿಚ್ಚಿ ತೋರಿಸಿ ವಿವರಿಸಿದ ಆ ಕ್ರಮ. ಅದಕ್ಕಾಗಿಯೇ ಅವರು ಖ್ಯಾತಿಯ ಕಾರ್ಯಕ್ರಮವನ್ನು ತೊರೆದರು.

ರಸ್ತೆಯಲ್ಲಿ ನಿಷೇಧ, ಹೊಲದಲ್ಲಿ ಅವಕಾಶ

ಎಡ್ ಚೈನಾ ಅವರಂತೆ ವಾಹನಗಳನ್ನೇ ಹೊಸದಾಗಿ ಕಟ್ಟುವ ಮೆಕ್ಯಾನಿಕ್‌ಗಳು ನಮ್ಮಲ್ಲಿ ವಿರಳ, ಕೃಷಿ ಉಪಕರಣಗಳನ್ನು ಕಟ್ಟುವವರು ಮಾತ್ರ ಊರೂರಿಗೆ ಇದ್ದಾರೆ. ಇದಕ್ಕೆ ಒಂದು ಕಾರಣ ಕಾನೂನಿನಲ್ಲಿದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ನೋಂದಾಯಿತ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ರಸ್ತೆಯ ಸುರಕ್ಷತೆಯ ದೃಷ್ಟಿಯಿಂದ ಈ ನಿರ್ಬಂಧ ಅರ್ಥವಾಗುವಂಥದ್ದೇ. ಆದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಕೂರಿಗೆಗೆ, ಕುಂಟೆಗೆ, ಎಡೆ ಹೊಡೆಯುವ ಸಲಕರಣೆಗೆ ಈ ಕಟ್ಟು ಇಲ್ಲ. ಹಾಗಾಗಿ ನಮ್ಮ ಮಿಸ್ತ್ರಿಗಳ ಬುದ್ಧಿ ಹರಿಯಲು ಸಿಕ್ಕ ಬಯಲು ರಸ್ತೆಯಲ್ಲ, ಹೊಲ.

ಹತ್ತೊಂಬತ್ತನೆಯ ಗೇಟು

ದುರಸ್ತಿಯ ಜ್ಞಾನಕ್ಕೆ ಎಷ್ಟು ಬೆಲೆಯೆಂಬುದನ್ನು ಕೊಪ್ಪಳ ಜಿಲ್ಲೆ 2024ರ ಆಗಸ್ಟ್ 10ರ ರಾತ್ರಿ ಕಂಡಿತು. ಒಂದು ಮಗ್ಗುಲಲ್ಲಿ ಮುನಿರಾಬಾದ್, ಇನ್ನೊಂದು ಮಗ್ಗುಲಲ್ಲಿ ಹೊಸಪೇಟೆ ಇರುವ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ ಹತ್ತೊಂಬತ್ತನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಕ್ರಸ್ಟ್ ಗೇಟು ಎಂದರೆ ಅಣೆಕಟ್ಟೆಯ ನೆತ್ತಿಯಲ್ಲಿ ನೀರನ್ನು ತಡೆದು ನಿಲ್ಲಿಸುವ ಉಕ್ಕಿನ ಬಾಗಿಲು. ಗಂಗಾವತಿ, ಕಾರಟಗಿಯ ಭತ್ತದ ಗದ್ದೆಗಳು ನೆಚ್ಚಿಕೊಂಡಿದ್ದ ನೀರು ಆ 60 ಅಡಿ ಅಗಲದ ಬಾಯಿಯಿಂದ ನದಿಗೆ ಧುಮುಕತೊಡಗಿತು. ಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು.

ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ಅಡ್ಡಪಟ್ಟಿಗಳನ್ನು ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚುವ ಸಾಹಸಕ್ಕೆ ಕೈಹಾಕಲಾಯಿತು. ಇವುಗಳನ್ನು ಸ್ಟಾಪ್‌ಲಾಗ್ ಎನ್ನುತ್ತಾರೆ. ತುಂಬಿ ಹರಿಯುವಾಗ ಹೀಗೆ ಮಾಡಬೇಕಾದೀತೆಂದು ಎಣಿಸದೆ ಕಟ್ಟಿದ್ದ ಅಣೆಕಟ್ಟೆಯಲ್ಲಿ, ಸಮೀಪದ ಕಾರ್ಯಾಗಾರಗಳಲ್ಲಿ ಬೆಸೆದು ತಂದ ಐದು ತುಂಡುಗಳನ್ನು ಒಂದು ವಾರದೊಳಗೆ ಕೂರಿಸಲಾಯಿತು. ವಿನ್ಯಾಸ ಮಾಡಿದ ತಜ್ಞನ ಹೆಸರು ಎಲ್ಲರಿಗೂ ತಿಳಿಯಿತು, ಮತ್ತು ಅದು ತಕ್ಕುದೇ ಆಗಿತ್ತು. ರಾತ್ರಿಯೆಲ್ಲ ತಗಡು ಕತ್ತರಿಸಿ ಬೆಸೆದವರ, ನೊರೆಯುವ ನೀರಿನ ಮೇಲೆ ಕ್ರೇನಿಗೆ ದಿಕ್ಕು ತೋರಿಸಿದವರ ಕೌಶಲ ಎಷ್ಟರಮಟ್ಟಿಗೆ ಬರಹಕ್ಕೆ ಇಳಿದಿದೆ ಎಂಬುದು ಇನ್ನೂ ಕೇಳಬೇಕಾದ ಪ್ರಶ್ನೆ.

ತೋರಿಸುವ ಮೊದಲು

ಹಾಗಿದ್ದರೆ ಹಳ್ಳಿಯ ಮಿಸ್ತ್ರಿಯ ಹೊಸ ಉಪಾಯ ಬೆಳಕಿಗೆ ಬರುವುದು ಹೇಗೆ? ಅಹಮದಾಬಾದಿನ ಪ್ರಾಧ್ಯಾಪಕ ಅನಿಲ್ ಗುಪ್ತ ಅವರು 1980ರ ದಶಕದ ಕೊನೆಯಲ್ಲಿ ಕಟ್ಟಿದ ‘ಹನಿ ಬೀ’ ಜಾಲವು, ಜೇನುನೊಣ ಹೂವಿಗೆ ನಷ್ಟ ಮಾಡದೆ ಮಕರಂದ ಕೂಡಿಸುವಂತೆ ಜನರ ಜ್ಞಾನವನ್ನು ಅವರ ಹೆಸರಿನೊಂದಿಗೇ ಸಂಗ್ರಹಿಸಬೇಕೆಂಬ ತತ್ವದ ಮೇಲೆ ನಿಂತಿತು. ಅದರ ಬೆನ್ನಿಗೆ 2000ದಲ್ಲಿ ಗುಜರಾತಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವು ಈಗ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಡಿ ಕೆಲಸ ಮಾಡುತ್ತಿದ್ದು, ಪದವಿಯ ಬೆಂಬಲವಿಲ್ಲದ ಆವಿಷ್ಕಾರಕರಿಗೆ ಪೇಟೆಂಟ್ ಅರ್ಜಿ ಸಲ್ಲಿಸಲು ನೆರವಾಗುತ್ತದೆ. ನಡಕಟ್ಟಿನ ಅವರನ್ನು ರಾಷ್ಟ್ರಮಟ್ಟದಲ್ಲಿ ಗುರುತಿಸಿದ್ದು ಈ ಸಂಸ್ಥೆಯೇ.

ಪೇಟೆಂಟ್ ಎಂದರೆ ಹೊಸ ಆವಿಷ್ಕಾರವನ್ನು ಬೇರೆಯವರು ಅನುಮತಿಯಿಲ್ಲದೆ ತಯಾರಿಸಿ ಮಾರದಂತೆ ತಡೆಯುವ, 20 ವರ್ಷಗಳ ಅವಧಿಯ ಹಕ್ಕು. ಭಾರತದ 1970ರ ಪೇಟೆಂಟ್ ಕಾಯ್ದೆಯಂತೆ ಕೃಷಿಯ ವಿಧಾನಕ್ಕೆ ಈ ಹಕ್ಕು ದೊರೆಯದು, ಕೃಷಿಯ ಯಂತ್ರಕ್ಕೆ ದೊರೆಯಬಹುದು. ಆದರೆ ಅರ್ಜಿ ಹಾಕುವ ಮೊದಲೇ ಯಂತ್ರವು ಸಾರ್ವಜನಿಕವಾಗಿ ಬಹಿರಂಗವಾಗಿದ್ದರೆ ಅದು ಹೊಸದೆಂಬ ಗುಣವನ್ನು ಸಾಮಾನ್ಯವಾಗಿ ಕಳೆದುಕೊಳ್ಳುತ್ತದೆ. ಈಗ ಹಳ್ಳಿಯ ಯುವಕರು ತಾವು ಮಾಡಿದ ಹೊಸ ಸಲಕರಣೆಯನ್ನು ಅಂದೇ ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚುತ್ತಾರೆ. ಆ ಸಂತೋಷ ಸಹಜವಾದುದು, ಹಂಚಿಕೆಯಿಂದ ಬೇರೆ ರೈತರಿಗೆ ಲಾಭವೂ ಇದೆ; ಆದರೆ ಹಕ್ಕು ಬೇಕೆನ್ನುವವರು ಮೊದಲು ಅರ್ಜಿ ಹಾಕಿ ಬಳಿಕ ತೋರಿಸಬೇಕು.

ಹಕ್ಕು ಬೇಡ, ಜ್ಞಾನ ಉಳಿದರೆ ಸಾಕೆನ್ನುವವರೂ ಇದ್ದಾರೆ. ಅವರ ಕೆಲಸವನ್ನು ದಾಖಲಿಸಬಲ್ಲ ಸಂಸ್ಥೆಗಳು ಕೊಪ್ಪಳ ಜಿಲ್ಲೆಯಲ್ಲೇ ಇವೆ. ಗಂಗಾವತಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ, ಫಿಟ್ಟರ್ ಮತ್ತು ಡೀಸೆಲ್ ಮೆಕ್ಯಾನಿಕ್ ವೃತ್ತಿ ಕಲಿಸುವ ಕೈಗಾರಿಕಾ ತರಬೇತಿ ಸಂಸ್ಥೆಗಳಿವೆ, ಹೋಬಳಿ ಮಟ್ಟದಲ್ಲಿ ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ಬಾಡಿಗೆಗೆ ಹೋದ ಯಂತ್ರ ಯಾವ ಹೊಲದಲ್ಲಿ ಯಾವ ಭಾಗ ಮುರಿದುಕೊಂಡು ಬಂತು, ಯಾವ ಮಿಸ್ತ್ರಿ ಅದನ್ನು ಏನು ಬದಲಿಸಿ ಸರಿಪಡಿಸಿದರು, ಆ ಬದಲಾವಣೆ ಎಷ್ಟು ಹಂಗಾಮು ತಾಳಿತು ಎಂಬ ಮೂರು ಸಾಲನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆದಿಡುವುದಕ್ಕೆ ಹೊಸ ಅನುದಾನ ಬೇಕಿಲ್ಲ. ತರಬೇತಿ ಸಂಸ್ಥೆಯ ವಿದ್ಯಾರ್ಥಿಗಳನ್ನು ಬಿತ್ತನೆಯ ಹಂಗಾಮಿನ ಹದಿನೈದು ದಿನ ಈ ಅಂಗಡಿಗಳಿಗೆ ಕಳುಹಿಸಿದರೆ ಆ ಪುಸ್ತಕ ತಾನಾಗಿ ತುಂಬುತ್ತದೆ. ಮುಂದಿನ ರೋಹಿಣಿ ಮಳೆಗೆ ಮೊದಲು ಈ ಕೆಲಸವನ್ನು ಕುಷ್ಟಗಿ, ಯಲಬುರ್ಗಾದ ಒಂದೊಂದು ಅಂಗಡಿಯಿಂದಾದರೂ ಆರಂಭಿಸಬೇಕೆಂದು ಜಿಲ್ಲೆಯ ಕೃಷಿ ಅಧಿಕಾರಿಗಳಲ್ಲಿ, ತರಬೇತಿ ಸಂಸ್ಥೆಗಳ ಪ್ರಾಚಾರ್ಯರಲ್ಲಿ ವಿನಂತಿ.